ಮೊದಲ ಚಪ್ಪಾಳೆ

"ಆ ಚಪ್ಪಾಳೆ ಇನ್ನೊಂದ್ಸಾರಿ ಕೇಳ್ಸ್ರಿ, ಓಬಳೇಶ್," ಎಂದರು ರಘುನಾಥ.

ಮಮತಾ ಪರದೆಯ ಹಿಂದೆ ನಿಂತಿದ್ದಳು. ಪರದೆಯ ಹೊಲಿಗೆ ಬಿಟ್ಟ ಕಡೆಯಿಂದ ಅವಳಿಗೆ ಆಚೆಯ ಸೋಫಾ ಕಾಣುತ್ತಿತ್ತು. ರಘುನಾಥ ಕಣ್ಣು ಮುಚ್ಚಿಕೊಂಡು, ತೀರ್ಥಕ್ಕೆ ಕೈಯೊಡ್ಡಿದವರಷ್ಟು ಭಕ್ತಿಯಿಂದ ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಸಂಘಮಿತ್ರಾ, ಟೀ ಲೋಟ ಹಿಡಿದುಕೊಂಡು. ಮಮತಾಳ ಗಂಡ ಓಬಳೇಶ್ ಹಲ್ಲು ಕಿರಿಯುತ್ತ ಕಂಪ್ಯೂಟರಿನ ಕೀ ಒತ್ತಿದ. ಆಳೆತ್ತರದ ಎರಡು ಸ್ಪೀಕರುಗಳಿಂದ 'ಛಟ್' ಎಂದು ಸದ್ದು ಬಂತು. ಅದರ ಬೆನ್ನಿಗೇ ಬಳೆ ಚೂರಾಗಿ ನೆಲಕ್ಕೆ ಉದುರಿದ ಸದ್ದು. ಆಮೇಲೆ ಮಮತಾಳದೇ ದನಿ: "ಹೊಳಿದಂಡ್ಯಾಗೆ ಹೂವು ಕೊಯ್ಯಾಕೆ ಬಾರವ್ವ..."

"ಆಹಾ, ಏನ್ ಕ್ಲಾರಿಟಿ ರೀ! ಬಳಿ ಚೂರು ನನ್ ಕಾಲತ್ರನೇ ಬಿದ್ದಂಗಾತು," ಎಂದು ರಘುನಾಥ ನಿಜವಾಗಿಯೂ ಪಾದ ಹಿಂದಕ್ಕೆಳೆದುಕೊಂಡರು.

ಅದು ಚಪ್ಪಾಳೆಯಲ್ಲ, ಏಟು. ಬುಧವಾರ ಇದೇ ಜಾಗದಲ್ಲಿ, ಇದೇ ಮೈಕಿನ ಮುಂದೆ ಮಮತಾಳ ಕೆನ್ನೆಗೆ ಬಿದ್ದದ್ದು. ಮುಖಕ್ಕೆ ಅಡ್ಡ ಹಿಡಿದ ಕೈಯನ್ನೂ ಬಡಿದುಕೊಂಡೇ ಬಂದಿದ್ದರಿಂದ ಕೆಲವು ಬಳೆಗಳೂ ಒಡೆದುಹೋಗಿದ್ದವು. ಹುಡುಗಿ ದೊಡ್ಡವಳಾದಾಗ ಹೆಂಗಸರು ಸುತ್ತ ನಿಂತು ಹಾಡುವ ಪದ ಅದು. ಯಾರಾದರೊಬ್ಬರು ಜೋರಾಗಿ ಒಂದು ಚಪ್ಪಾಳೆ ಹೊಡೆದ ಮೇಲೇ ಪದ ಎತ್ತಬೇಕು. ಬುಧವಾರ ಎಷ್ಟು ಸಲ ಹಾಡಿದರೂ ದನಿ ಮೇಲೇರುವ ಕಡೆ ಒಡೆಯುತ್ತಿತ್ತು. ಓಬಳೇಶ್ ಹೆಡ್‌ಫೋನ್ ಕಿತ್ತೆಸೆದು ಬಂದವನೇ ಬಾರಿಸಿದ. "ಹಾಡೇ!" ಎಂದ. ಅವಳು ಕಣ್ಣೀರು ಒರೆಸಿಕೊಳ್ಳದೆ ಹಾಡಿಬಿಟ್ಟಳು. ದನಿ ಒಡೆಯಲಿಲ್ಲ.

ಕೇಳಿಸಿಕೊಂಡು ಓಬಳೇಶ್ ಕುಣಿದಾಡಿದ್ದ. "ಏಟು ಬಿದ್ದ್‌ಮ್ಯಾಲೆ ನೋಡು ಹೆಂಗೆ ಬಂತು ದನಿ! ಇದೇ ಇರ್ಲಿ." 'ಹಾಡೇ' ಎಂದು ಕೂಗಿದ್ದನ್ನು ಮಾತ್ರ ಕತ್ತರಿಸಿ ತೆಗೆದ. ಏಟನ್ನು ಹಾಗೇ ಬಿಟ್ಟ, ಚಪ್ಪಾಳೆ ಪದಕ್ಕೆ ಚಪ್ಪಾಳೆ ಬೇಕೇ ಬೇಕಲ್ಲ ಎಂದು ನಗುತ್ತ. ಆ ನಗುವನ್ನು ನೆನೆದರೆ ಮಮತಾಳಿಗೆ ಏಟಿಗಿಂತ ಹೆಚ್ಚು ಉರಿಯುತ್ತಿತ್ತು.

ಚನ್ನಗಿರಿಯ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ, ಗೊಬ್ಬರದಂಗಡಿಯ ಮೇಲೆ ಓಬಳೇಶನ ಸ್ಟುಡಿಯೋ. ಗೋಡೆಗೆಲ್ಲ ದಪ್ಪ ಫೋಮು, ಕಿಟಕಿಗೂ ಫೋಮು, ಬಾಗಿಲಿಗೂ ಫೋಮು. ರಸ್ತೆಯ ಹಾರನ್ನು ಒಳಗೆ ಬರಬಾರದೆಂದು ಮಾಡಿದ್ದು. ಒಳಗಿನದೂ ಹೊರಗೆ ಹೋಗುವುದಿಲ್ಲ ಎಂಬುದು ಮಮತಾಳಿಗೆ ಮದುವೆಯಾದ ಹೊಸತರಲ್ಲೇ ಗೊತ್ತಾಯಿತು. ಆ ಗೋಡೆಗೆ ತಲೆ ಚಚ್ಚಿದರೆ ಸದ್ದೂ ಬರುವುದಿಲ್ಲ, ಗಾಯವೂ ಆಗುವುದಿಲ್ಲ. ನೋವು ಮಾತ್ರ ಆಗುತ್ತದೆ. ಕೆನ್ನೆ ಊದಿದ್ದನ್ನು ನೋಡಿ ಹೊನ್ನಾಳಿಯ ಅಣ್ಣ ದುರುಗೇಶ್ ಕೇಳಿದರೆ, ಬಚ್ಚಲಲ್ಲಿ ಜಾರಿಬಿದ್ದೆ ಎಂದಿದ್ದಳು. ಅಣ್ಣ ನಂಬಿದ್ದ. ಅಥವಾ ನಂಬಿದರೆ ಸಲೀಸು ಎಂದುಕೊಂಡಿದ್ದ. ಯಾರಾದರೊಬ್ಬರ ಕಿವಿಗೆ ಇದು ಬೀಳಲಿ, ಬಿದ್ದದ್ದನ್ನು ಅವರು ಬಾಯಿಬಿಟ್ಟು ಹೇಳಲಿ ಎಂಬುದೊಂದೇ ಅವಳ ಆಸೆಯಾಗಿತ್ತು. ಈಗ ಕಿವಿಗೇನೋ ಬಿದ್ದಿತ್ತು. ಬಿದ್ದು, ಮೆಚ್ಚುಗೆ ಪಡೆದಿತ್ತು!

ಇವತ್ತು ನಡೆಯುತ್ತಿದ್ದುದು ಪರೀಕ್ಷೆ. ಕಾಲೇಜು ಮೇಷ್ಟರ ಕೆಲಸದಿಂದ ನಿವೃತ್ತರಾದ ರಘುನಾಥ ಹೊಸ ಮನೆಯಲ್ಲಿ ಹಾಡು ಕೇಳುವುದಕ್ಕೇ ಒಂದು ಕೋಣೆ ಕಟ್ಟಿಸಿದ್ದರು. ಅದಕ್ಕೆ ಸ್ಪೀಕರು ಸೆಟ್ಟು ಬೇಕಾಗಿತ್ತು. ಎದುರಿಗೆ ಹಾಡುವವರಿಗೂ ಸೆಟ್ಟಿನಲ್ಲಿ ಹಾಡುವವರಿಗೂ ವ್ಯತ್ಯಾಸ ತಿಳಿಯಬಾರದು, ಅಂಥದ್ದೇ ಬೇಕು ಎಂದು ಹಟ ಹಿಡಿದಿದ್ದರು. ಓಬಳೇಶ್ ಪರದೆ ಕಟ್ಟಿದ. ಪರದೆಯ ಹಿಂದೆ ಮಮತಾ ಹಾಡುತ್ತಾಳೆ. ಆಮೇಲೆ ಸ್ಪೀಕರು ಹಾಡುತ್ತದೆ. ಯಾವುದು ಯಾವುದೆಂದು ಮೇಷ್ಟರು ಹೇಳಬೇಕು. ಮೇಷ್ಟರು ಗುರುತು ಹಿಡಿದುಬಿಟ್ಟರೆ ಸಂಜೆ ಅದರ ಸಿಟ್ಟೆಲ್ಲ ಯಾರ ಮೈಮೇಲೆ ಇಳಿಯುತ್ತದೆಂದು ಮಮತಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಗುರುತು ಸಿಕ್ತು ಕಣ್ರೀ," ಎಂದು ರಘುನಾಥ ಮಗುವಿನಂತೆ ನಕ್ಕರು. "ಚಪ್ಪಾಳೆ ಇರೋದು ರೆಕಾರ್ಡು. ಇಲ್ದೇ ಇರೋದು ನಿಮ್ಮನೆಯವ್ರು ಹಾಡಿದ್ದು. ಎರಡೂ ಒಂದೇ ಥರ ಇರ್ಬೇಕು, ಆಗ ಪರೀಕ್ಷೆ."

"ಅದೇನ್ ಮಹಾ ಸರ್. ಏ ಮಮತಾ! ಶುರುನಾಗೆ ಒಂದು ಚಪ್ಪಾಳೆ ಹೊಡಿ!"

ಮಮತಾ ಚಪ್ಪಾಳೆ ಹೊಡೆದಳು.

"ಊಹೂಂ. ಇದು ಬ್ಯಾರೆ ಐತೆ. ಅದು ಇನ್ನೂ ದಪ್ಪ ಇತ್ತು," ಎಂದರು ರಘುನಾಥ.

ಜೋರಾಗಿ ಹೊಡೆದಳು. ಅಂಗೈ ಉರಿಯುವ ಹಾಗೆ ಹೊಡೆದಳು. ಬುಧವಾರ ಬಳೆ ಚುಚ್ಚಿದ್ದ ಮಣಿಕಟ್ಟಿನ ಗಾಯದ ಹಕ್ಕಳೆ ಬಿರಿದು ರಕ್ತ ಒಸರಿತು. ಪ್ರತಿ ಸಲವೂ ರಘುನಾಥ ತಲೆಯಾಡಿಸುತ್ತಿದ್ದರು. "ಇದು ಎರಡು ಕೈ ಸದ್ದು. ಅದ್ರಾಗೆ ಒಂದೇ ಕೈ ಇದ್ದಂಗೈತೆ. ಇನ್ನೊಂದು ಕಡೆ ಏನೋ ಮೆತ್ತಗಿಂದು... ಏನ್ ಹೊಡ್ದಿದ್ರಿ ಅವತ್ತು?"

ಟೀ ಲೋಟ ಟೀಪಾಯಿ ಮೇಲೆ ಕುಳಿತ ಸದ್ದಾಯಿತು. ಸಂಘಮಿತ್ರಾ ಪರದೆಯ ಕಡೆ ನೋಡುತ್ತಿದ್ದರು. ಬಂದ ಕೂಡಲೇ ಅವರು ಮಮತಾಳ ಕೈ ಹಿಡಿದು "ಏನವ್ವ ಇದು ಗಾಯ?" ಎಂದು ಕೇಳಿದ್ದರು. ಈಳಿಗೆಮಣೆ ತಗಲಿತು ಎಂದಿದ್ದಳು.

"ಆ ರೆಕಾರ್ಡು ಇನ್ನೊಂದ್ಸಾರಿ ಹಾಕ್ರಿ," ಎಂದರು ಸಂಘಮಿತ್ರಾ. ಅವರ ದನಿಯಲ್ಲಿ ಭಕ್ತಿ ಇರಲಿಲ್ಲ.

ಓಬಳೇಶ್ ಹಾಕಿದ. ಸೆಟ್ಟಿನ ಬಗ್ಗೆ ಮೇಡಮ್ಮಿಗೂ ಆಸಕ್ತಿ ಬಂತೆಂದುಕೊಂಡು ವಾಲ್ಯೂಮು ಏರಿಸಿಯೇ ಹಾಕಿದ. ಏಟು ಈಗ ಕೋಣೆಯಷ್ಟೇ ದೊಡ್ಡದಾಗಿತ್ತು. ಹಾಡು ಹೊರಡುವ ಮುನ್ನ ಅವಳು ಮೂಗಿನಿಂದ ಉಸಿರೆಳೆದುಕೊಂಡದ್ದು, ಆ ಉಸಿರು ನಡುವೆ ಬಿಕ್ಕಿದ್ದು ಎಲ್ಲ ಕೇಳಿಸಿತು. ತನ್ನ ಬಿಕ್ಕನ್ನು ತಾನೇ ಅಷ್ಟು ಗಟ್ಟಿಯಾಗಿ ಕೇಳಿಸಿಕೊಂಡಾಗ ಮಮತಾಳ ಹೆದರಿಕೆ ಎಲ್ಲೋ ಸರಿದುಹೋಯಿತು. ಆ ಸ್ಪೀಕರಿನೊಳಗಿನ ಹೆಂಗಸಿನ ಮೇಲೆ ಅವಳಿಗೆ ಮರುಕ ಬಂತು. ಮರುಕದ ಹಿಂದೆಯೇ ಸಿಟ್ಟು ಬಂತು.

ಓಬಳೇಶ್ ಪರದೆ ಸರಿಸಿ ಒಳಗೆ ನುಗ್ಗಿದ. ಮುಖದ ಮೇಲೆ ಗಿರಾಕಿಗಳಿಗಾಗಿ ಇಟ್ಟುಕೊಂಡ ನಗು ಪರದೆಯ ಆಚೆಗೇ ಉಳಿದಿತ್ತು. ಅವಳ ತೋಳಿನ ಮಾಂಸ ಹಿಡಿದು ತಿರುವಿ, ಹಲ್ಲು ಕಚ್ಚಿ ಪಿಸುಗುಟ್ಟಿದ: "ಬೇಕಂತಲೇ ಮಾಡ್ತಿದೀಯಾ ಏನೇ? ಸರಿಯಾಗಿ ಹೊಡಿ. ಇಲ್ಲಾಂದ್ರೆ ಕೈ ಮುರೀತೀನಿ."

"ಸರಿಯಾಗಿ ಹೊಡೀಲಾ?" ಎಂದಳು ಮಮತಾ. ಪಿಸುಗುಟ್ಟಲಿಲ್ಲ.

"ಹೂಂ, ಹೊಡಿ."

ಅವಳು ಹೊಡೆದಳು. ಇದ್ದ ಶಕ್ತಿಯನ್ನೆಲ್ಲ ಬಲಗೈಗೆ ತಂದು, ಅವನ ಎಡಗೆನ್ನೆಗೆ. ಉಳಿದಿದ್ದ ಬಳೆಗಳೂ ಒಡೆದು ನೆಲಕ್ಕೆ ಚೆಲ್ಲಿದವು.

"ಹಾಂ! ಇದೇ, ಇದೇ!" ಎಂದು ಆಚೆಯಿಂದ ರಘುನಾಥ ಕೂಗಿದರು. "ಇದೇ ಸೌಂಡು! ಎಲ್ಲಿತ್ರೀ ಇಷ್ಟೊತ್ತು?"

ಓಬಳೇಶ್ ಕೆನ್ನೆ ಹಿಡಿದುಕೊಂಡು ನಿಂತುಬಿಟ್ಟ. ಇಂಥದ್ದೊಂದು ಆಗಬಹುದು ಎಂಬ ಕಲ್ಪನೆಯೇ ಅವನಿಗಿರಲಿಲ್ಲ.

"ಏಟು ಬಿದ್ದ್‌ಮ್ಯಾಲೆ ದನಿ ಬರ್ತೈತಲ್ಲ," ಎಂದಳು ಮಮತಾ. "ಹಾಡ್ರಿ ಈಗ."

ಆಗ ಅವನು ಮೈಮೇಲೆ ಬಿದ್ದ. ಜಡೆಯನ್ನು ಕೈಗೆ ಸುತ್ತಿಕೊಂಡು ಅವಳ ತಲೆಯನ್ನು ಗೋಡೆಗೆ ಚಚ್ಚಿದ. ಎಂದಿನಂತೆ ಸದ್ದೇ ಬರಲಿಲ್ಲ. ಮತ್ತೆ ಚಚ್ಚಿದ. ಅವಳ ಕಣ್ಣು ಕತ್ತಲಿಟ್ಟಿತು, ತುಟಿ ಹಲ್ಲಿಗೆ ಸಿಕ್ಕಿ ಬಾಯಿಗೆ ರಕ್ತದ ರುಚಿ ಬಂತು. ಅವನು ಮೂರನೆಯ ಸಲ ಜಡೆ ಜಗ್ಗುವಷ್ಟರಲ್ಲಿ ಪರದೆಯ ಉಂಗುರಗಳು ಸರಸರ ಹರಿದುಬಂದು, ಪರದೆ ಸರಳಿನ ಸಮೇತ ಕೆಳಗೆ ಬಿತ್ತು. ಸಂಘಮಿತ್ರಾ ನಿಂತಿದ್ದರು.

"ಬಿಡೋ ಅವಳನ್ನ!"

"ಗಂಡ ಹೆಂಡ್ತಿ ವಿಷ್ಯ ಮೇಡಂ. ನೀವು ಹೋಗಿ ಕುಂತ್ಕಳ್ರಿ."

"ಅದು ಚಪ್ಪಾಳೆ ಅಲ್ಲ ಕಣ್ರೀ," ಎಂದು ಸಂಘಮಿತ್ರಾ ಗಂಡನ ಕಡೆ ತಿರುಗಿ ಕಿರುಚಿದರು. "ಹೊಡ್ತ! ನೀವು ಇಷ್ಟೊತ್ತು ಆಹಾ ಅಂದಿದ್ದು ಅವಳಿಗೆ ಬಿದ್ದ ಹೊಡ್ತಕ್ಕೆ!"

ರಘುನಾಥ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡರು. ಸಂಘಮಿತ್ರಾ ಓಬಳೇಶನ ಅಂಗಿ ಹಿಡಿದೆಳೆದರು. ಅವನು ಮೊಣಕೈಯಿಂದ ನೂಕಿದ್ದಕ್ಕೆ ಸೋಫಾದ ಕೈಗೆ ಬಡಿದು ಬಿದ್ದರು. ಆ ಗಳಿಗೆ ಜಡೆ ಸಡಿಲವಾಯಿತು. ಮಮತಾ ಕೈಗೆ ಸಿಕ್ಕ ಮೈಕ್ ಸ್ಟ್ಯಾಂಡನ್ನೆತ್ತಿ ಅವನ ಮೊಣಕಾಲಿಗೆ ಬೀಸಿದಳು. ಕಬ್ಬಿಣ ಮೂಳೆಗೆ ಹತ್ತಿತು. ಅವನು "ಅವ್ವಾ" ಎಂದು ಕೂಗುತ್ತ ಕಂಪ್ಯೂಟರ್ ಮೇಜಿನ ಮೇಲೆ ಮುಗ್ಗರಿಸಿದ. ಅವನ ಮೊಣಕೈ ಕೀಬೋರ್ಡಿನ ಮೇಲೆ ಬಿತ್ತು.

ಛಟ್ ಎಂದಿತು ಸ್ಪೀಕರು. ಬಳೆ ಉದುರಿದವು. ಹಾಡು ಹೊರಟಿತು.

ಯಾರೂ ಅದನ್ನು ನಿಲ್ಲಿಸಲಿಲ್ಲ. ಓಬಳೇಶ್ ಮೊಣಕಾಲು ತಬ್ಬಿಕೊಂಡು ನೆಲದಲ್ಲಿ ಹೊರಳುತ್ತ ಬಾಯಿಗೆ ಬಂದಂತೆ ಬೈಯುತ್ತಿದ್ದ. ಹಾಡಿನಲ್ಲಿ ಅವನ ಬೈಗುಳ ಕೇಳಿಸುತ್ತಿರಲಿಲ್ಲ. ಮಮತಾ ಸ್ಟ್ಯಾಂಡ್ ಕೆಳಗಿಟ್ಟು ಸಂಘಮಿತ್ರಾರನ್ನು ಹಿಡಿದೆಬ್ಬಿಸಿದಳು.

"ನಡಿಯವ್ವ," ಎಂದರು ಅವರು. "ನಾ ಕೇಳೀನಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ಮಮತಾಳಿಗೆ ಅಳು ಬಂದದ್ದು ಆಗ. ಇಷ್ಟು ಹೊತ್ತೂ ಬಂದಿರಲಿಲ್ಲ.

ಫೋಮಿನ ಬಾಗಿಲನ್ನು ಅವಳು ಹಾರುಹೊಡೆದಂತೆ ಬಿಟ್ಟು ಬಂದಳು. ಮೆಟ್ಟಿಲಿಳಿಯುತ್ತಿದ್ದ ಅವಳ ಹಿಂದೆ ಹಾಡೂ ಇಳಿದು ಬಂತು. ರಸ್ತೆಯಲ್ಲಿ ಮಟಮಟ ಬಿಸಿಲು. ಗೊಬ್ಬರದಂಗಡಿಯ ಪಕ್ಕ ಹೂವು ಮಾರುವ ಅಜ್ಜಮ್ಮ ಮಾರು ಹಾಕುತ್ತಿದ್ದವಳು ಕೈ ನಿಲ್ಲಿಸಿ ಮೇಲೆ ನೋಡಿದಳು, ಆಮೇಲೆ ಮಮತಾಳನ್ನು ನೋಡಿದಳು. ತುಟಿಯಿಂದ ರಕ್ತ ಇಳಿಯುತ್ತಿತ್ತು, ಜಡೆ ಬಿಚ್ಚಿಹೋಗಿತ್ತು, ಕೈಯಲ್ಲಿ ಒಂದು ಬಳೆಯೂ ಇರಲಿಲ್ಲ.

"ಮಮತವ್ವ, ಮ್ಯಾಲೆ ಹಾಡ್ತಿರೋದು ನೀನಲ್ಲೇನೇ?"

"ಅಲ್ಲ ಅಜ್ಜಮ್ಮ. ಅದು ರೆಕಾರ್ಡು."

ಸಂಘಮಿತ್ರಾ ಮೆಟ್ಟಿಲ ಬುಡದಲ್ಲಿ ನಿಂತು ಫೋನು ಕಿವಿಗಿಟ್ಟುಕೊಂಡು ಪೊಲೀಸರಿಗೆ ಸ್ಟುಡಿಯೋದ ವಿಳಾಸ ಹೇಳುತ್ತಿದ್ದರು. ಹೊನ್ನಾಳಿ ಬಸ್ಸು ಸ್ಟ್ಯಾಂಡಿನಿಂದ ಹೊರಳಿ ಬರುತ್ತಿತ್ತು. ಅಜ್ಜಮ್ಮ ಗೋಣಿಯ ಮೇಲಿನ ಹೂವನ್ನು ಬದಿಗೆ ಸರಿಸಿ ಜಾಗ ಮಾಡಿದಳು. ಮಮತಾ ಅಲ್ಲಿ ಕೂತು, ತುಟಿಗೆ ಸೆರಗು ಒತ್ತಿಕೊಂಡಳು. ಮೇಲೆ, ದನಿ ಒಡೆಯುತ್ತಿದ್ದ ಆ ಕಡೆಗೆ ಹಾಡು ಬಂತು. ಒಡೆಯದೆ ದಾಟಿತು.