ನಿಂತಲ್ಲೇ ತಿರುಗದ ಕಾಶಿನಾಥ ಕಾಕಾ

ನವಲಗುಂದದ ಪೇಟೆಯಲ್ಲಿ ಕಾಶಿನಾಥ ಕಾಕಾನನ್ನು ಯಾರಾದರೂ ಹಿಂದಿನಿಂದ ಕೂಗಿದರೆ ಅವರು ನಿಂತಲ್ಲೇ ತಿರುಗುವುದಿಲ್ಲ, ಮೂರ್ನಾಲ್ಕು ಹೆಜ್ಜೆ ಮುಂದೆ ನಡೆದು, ಚಕ್ಕಡಿಯಂತೆ ವಿಶಾಲವಾದೊಂದು ಸುತ್ತು ಹಾಕಿ, ಕರೆದವರ ಎದುರಿಗೆ ಬಂದು ನಿಂತು, ಆಮೇಲೆ ಗಂಭೀರವಾಗಿ "ಏನ್ರಿ?" ಎನ್ನುತ್ತಾರೆ. ಈ ಗಜಗಮನ ಅವರಿಗೆ ಅಂಟಿದ್ದು ತಮ್ಮ ಬಿಳಿಯ ಕಾಂಟೆಸ್ಸಾ ಕಾರಿನಿಂದ. ನಿಂತ ಗಾಡಿಯ ಪವರ್ ಸ್ಟೀರಿಂಗ್ ತಿರುವಿದರೆ ಪಂಪಿಗೆ ಪ್ರಾಣಸಂಕಟವಾಗುತ್ತದೆ, ಗಾಲಿ ಬೆರಳಗಲವಾದರೂ ಉರುಳುತ್ತಿರಬೇಕು ಎಂಬುದು ಅವರ ಅಚಲ ಸಿದ್ಧಾಂತ.

ಮಾಸಿದ ಕಂದು ಕೋಟಿನ ಕಿಸೆಯಲ್ಲಿ ಸದಾ ಒಂದು ಹಳದಿ ಬಟ್ಟೆ. ದಿನಾ ಮುಂಜಾನೆ ಅದರಿಂದ ಸ್ಟೀರಿಂಗ್ ಎಣ್ಣೆಯ ಡಬ್ಬಿಯ ಮುಚ್ಚಳ ಒರೆಸಿ, ಎರೆಮಣ್ಣಿನ ಒಂದು ಕಣವೂ ಒಳಬೀಳದಂತೆ ತೆರೆದು, ಕೆಂಪು ಎಣ್ಣೆಯ ಮಟ್ಟ ನೋಡಿ, ಪೈಪಿನ ಜೋಡಣೆಗಳ ಮೇಲೆ ಬೆರಳಾಡಿಸಿ, ಆ ಬೆರಳನ್ನು ಬಿಸಿಲಿಗೆ ಹಿಡಿಯುತ್ತಾರೆ. ಹತ್ತಿ ವ್ಯಾಪಾರದಲ್ಲಿ ತಲೆ ನರೆತ ನಾನು ಅರಳೆಯ ಎಳೆ ನೋಡುವಾಗಲೂ ಅಷ್ಟು ತಲ್ಲೀನನಾದವನಲ್ಲ.

ಆ ಕಾರಿನ ಮೇಲೆ ನನಗೆ ಮೊದಲಿನಿಂದಲೂ ಕಣ್ಣು. "ಸ್ಟೇರಿಂಗ್ ಮುದುಕಾತ್ರಿ ಕಾಕಾ, ನನಗ ಕೊಟ್ಟ ಬಿಡ್ರಿ" ಎಂದು ಒಮ್ಮೆ ನನ್ನ ಅಂಗಡಿಯಲ್ಲಿ, ನಾಲ್ಕು ಜನರೆದುರು ಚುಚ್ಚಿದೆ. ಕಾಕಾ ಕೆರಳಿದರು. "ನಮ್ಮ ತಮ್ಮನ ಮಗಳು ನೇತ್ರಾನ ಮದುವಿಗೆ ಇದರಾಗ ಕರಕೊಂಡ ಹೋಗಾವ ಅದೀನಿ. ಅವತ್ತ ಸ್ಟೇರಿಂಗ್ ತಿರುವಾಕ ಎರಡನೇ ಕೈ ಹಚ್ಚಿದೆ ಅಂದ್ರ, ಕೀಲಿ ನಿನ್ನ ಗಲ್ಲಾಪೆಟ್ಟಿಗಿ ಮ್ಯಾಲೆ ಒಗೀತೀನಿ, ಗಾಡಿ ನಿಂದ ಈರಪ್ಪಾ!"

ಮದುವೆಯ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಹಾಜರಾದೆ. ಅಕ್ಷತೆಯ ಅಕ್ಕಿಕಾಳು ಹಾಕುವ ಅವಸರವೇನೂ ನನಗಿರಲಿಲ್ಲ, ಕಣ್ಣು ಕೀಲಿಯ ಮೇಲಿತ್ತು. ಗಾಡಿ ಚಾಲೂ ಆದೊಡನೆ ಪಂಪು ಗೊಂಯ್ಯೆಂದು ನರಳಿತು. ಬಾನೆಟ್ ಎತ್ತಿದರೆ ಡಬ್ಬಿಯ ತುಂಬ ನೊರೆ, ಅಡುಗೆಮನೆಯ ವಾಸನೆ! ಕಾಕಾನ ಹೆಂಡತಿ ಮಹಾನಂದಾ ಕಾಕೂ ಬಾಗಿಲಲ್ಲಿ ಹೆಮ್ಮೆಯಿಂದ ನಿಂತಿದ್ದರು.

"ಎಣ್ಣಿ ಕೆಳಗ ಹೋಗಿತ್ರಿ. ಗಾಣದ್ದ ಕುಸುಬಿ ಎಣ್ಣಿ ಹಾಕೀನಿ, ಅಗದಿ ಚೊಲೋದು."

"ಇನ್ನ ಬದನಿಕಾಯಿ ಅಷ್ಟ ಹಾಕೂದು ಉಳದೈತಿ ನೋಡು!" ಎಂದರು ಕಾಕಾ.

ನಾನು ಒಳಗೊಳಗೇ ಕೀಲಿಯ ತೂಕ ಅಂದಾಜಿಸತೊಡಗಿದೆ. ಕಾಕಾ ಮಾತ್ರ ಕೋಟು ಕಳಚಿ, ಜಾಕ್ ಹಚ್ಚಿ ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿದರು. ಪೈಪು ಬಿಚ್ಚಿ, ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ಆಡಿಸುತ್ತ ಕುಸುಬಿ ಎಣ್ಣೆಯನ್ನೆಲ್ಲ ಬೋಗುಣಿಗೆ ಇಳಿಸಿದರು. ಕಪಾಟಿನ ಕೆಂಪು ಎಣ್ಣೆ ಸುರಿದು, ಕೊನೆಯ ಗುಳ್ಳೆ ಒಡೆಯುವವರೆಗೂ ಮತ್ತೆ ಮತ್ತೆ ಆಡಿಸಿದರು. ನರಳಾಟ ನಿಂತಿತು. ನನ್ನ ಮುಖ ಸಪ್ಪಗಾಯಿತು.

ಆದರೆ ಮದುಮಗಳನ್ನು ಕೂರಿಸಿಕೊಂಡು ಮಂಟಪಕ್ಕೆ ಹೊರಟರೆ, ಜಮಖಾನ ನೇಯುವವರ ಓಣಿಯಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರೊಂದು ಕೆಟ್ಟು ಅಡ್ಡ ನಿಂತಿತ್ತು. ಕಾರು ಹಿಂದಿರುಗಿಸಿ ಬೇರೆ ದಾರಿ ಹಿಡಿಯಬೇಕು. ಮುಹೂರ್ತ ಹತ್ತಿರ, ಓಣಿಯೋ ಕಾರಿನ ಉದ್ದಕ್ಕಿಂತ ತುಸುವೇ ಅಗಲ. "ನಿಂತಲ್ಲೇ ಎರಡೂ ಕೈಲೆ ತಿರಿವಿ ಬಿಡ್ರಿ ಕಾಕಾ!" ಎಂದು ಯಾರೋ ಕೂಗಿದರು.

"ಸರಕೊಳ್ರಿ" ಎಂದರು ಕಾಕಾ, ಅಷ್ಟೇ.

ಎಡಗೈ ಗೇರಿನ ಮೇಲೆ, ಬಲಗೈ ಸ್ಟೀರಿಂಗಿನ ಮೇಲೆ. ಕಾರು ಗೇಣು ಮುಂದೆ ಉರುಳಿತು, ಉರುಳುತ್ತಲೇ ಸ್ಟೀರಿಂಗ್ ತುಸು ತಿರುಗಿತು. ಗೇಣು ಹಿಂದೆ, ಮತ್ತೆ ತುಸು. ಮೆರವಣಿಗೆಯ ಕರಡಿ ಮಜಲು ವಾದ್ಯದವರು ಆ ಲಯವನ್ನೇ ಹಿಡಿದು ಬಾರಿಸತೊಡಗಿದರು. ಮಾಳಿಗೆಗಳ ಮೇಲೆಲ್ಲ ಜನ! ಮದುಮಗಳು ಬಾಸಿಂಗದ ಸಮೇತ ಕಿಡಕಿಯಿಂದ ತಲೆ ಹೊರಹಾಕಿ, "ಹಿಂದ ಇನ್ನೂ ಜಾಗಾ ಐತಿ ದೊಡ್ಡಪ್ಪಾ, ಬಿಡ್ರಿ ಬಿಡ್ರಿ!" ಎಂದು ಚೀರಿದಳು. ಮುಂದಿನ ಬಂಪರಿನೆದುರು ಹಿಮ್ಮುಖವಾಗಿ ಓಡುತ್ತ, ರುಮಾಲು ಬೀಸುತ್ತ, "ಒಂದ ಕೈಲೆ ಕಾಕಾ, ಒಂದ ಕೈಲೆ! ಇನ್ನೊಂದ್ ಚೂರು!" ಎಂದು ಗಂಟಲು ಹರಿದುಕೊಳ್ಳುತ್ತಿದ್ದವನು ನಾನೇ ಎಂಬುದು ನನಗೆ ಹೊಳೆದದ್ದು ಕಾರು ಪೂರ್ತಿ ತಿರುಗಿ, ಓಣಿಯೆಲ್ಲ ಹೋ ಎಂದು ಉಘೇ ಹಾಕಿದ ಮೇಲೆ. ನನ್ನದೇ ಸೋಲಿಗೆ ನಾನೇ ದಾರಿ ಬಿಡಿಸಿದ್ದೆ.

ಮಂಟಪದ ಮುಂದೆ ಕಾಕಾನನ್ನು ಹಿಂದಿನಿಂದ ಕೂಗಿದೆ. ಬಾಳೆಕಂಬ ಬಳಸಿ ಸುತ್ತುಹಾಕಿ ಎದುರಿಗೆ ಬಂದರು.

"ಏನೋ ಈರಪ್ಪಾ?"

"ಏನಿಲ್ರಿ ಕಾಕಾ. ಊಟಕ್ಕ ಹೋಗೂಣು ಬರ್ರಿ."

ವಸ್ತುಗಳನ್ನು ಕೊಂಡವರು ಲೋಕದಲ್ಲಿ ಅಸಂಖ್ಯ. ವಸ್ತುವಿನ ಆಯಾಸವನ್ನು ತಮ್ಮ ಮೈಯಲ್ಲೇ ಅರಿಯುವವರು ವಿರಳ. ಅಂಥವರು ಹಟಮಾರಿಗಳು, ನಮ್ಮ ಅವಸರಕ್ಕೆ ಎಂದೂ ಒದಗದವರು, ನಾವು ನಕ್ಕರೂ ತಮ್ಮ ಸುತ್ತನ್ನು ಪೂರ್ತಿ ಮುಗಿಸಿಯೇ ಬರುವವರು. ಅವರೊಡನೆ ಚೌಕಾಸಿ ಮಾಡಿ ಗೆದ್ದ ವ್ಯಾಪಾರಿಯನ್ನು ನಾನಂತೂ ಕಂಡಿಲ್ಲ. ತುಸು ಪಕ್ಕಕ್ಕೆ ಸರಿದು ಜಾಗ ಬಿಡುವುದೇ ಲಾಭ.