ನ್ಯೂಟಿನ ಗೋತ್ರ

“ಏನವಾ ಹಲ್ಲಿ ವಿಭಾ, ಈ ಸಲ ಎಷ್ಟು ಹಲ್ಲಿ ಹಿಡದಿ?”

ಸವಣೂರಿನಿಂದ ಬಂದ ರಘುವೀರ ಚಪ್ಪಲಿ ಬಿಡುತ್ತಲೇ ಶುರು ಹಚ್ಚಿಕೊಂಡ. ಅಡುಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ಅಕ್ಕ ಯಮುನಾಬಾಯಿಗೆ ಮೈಯೆಲ್ಲ ಉರಿಯಿತು. ಹಾನಗಲ್ಲಿಗೆ ಬಂದಾಗಲೆಲ್ಲ ಇವನದು ಇದೇ ಮಾತು. ತಮ್ಮನ ಬಾಯಿ ಒಮ್ಮೆಯಾದರೂ ಮುಚ್ಚಿಸಬೇಕೆಂದು ಅವಳಿಗೆ ಬಹಳ ಆಸೆ. ಆದರೆ ಮಗಳು ಈಶಾನ್ಯ ಭಾರತದ ಗುಡ್ಡಗಳಲ್ಲಿ ಮಾಡುವ ಕೆಲಸ ತನಗೇ ತಿಳಿಯದಿರುವಾಗ ಏನಂತ ಹೇಳುವುದು?

ವಿಭಾ ಸಿಟ್ಟಾಗಲಿಲ್ಲ. ಎರಡು ಸಲ ತಿರುಗಿ ಬಂದಿದ್ದ ಅವಳ ಸಂಶೋಧನಾ ಲೇಖನ ನಿನ್ನೆಯಷ್ಟೇ ಒಪ್ಪಿಗೆಯಾಗಿತ್ತು. ಮೊಬೈಲಿನಲ್ಲಿದ್ದ ಎರಡು ಫೋಟೋ ತೆರೆದು ಮಾಮನ ಕೈಗೆ ಕೊಟ್ಟಳು. ಕಂದು ಮೈ, ಬೆನ್ನಿನ ಎರಡೂ ಬದಿಗೆ ಕೇಸರಿ ಬಣ್ಣದ ಗಂಟುಗಳ ಸಾಲು.

“ಇದು ಹಲ್ಲಿ ಅಲ್ಲರಿ ಮಾಮಾ, ನ್ಯೂಟ್. ಕಪ್ಪಿ ಬಳಗದ್ದು, ನೀರಾಗ ಹುಟ್ತದ. ಆ ಗುಡ್ಡದ ಸಾಲಿನಾಗೆಲ್ಲಾ ಇರೋದು ಒಂದ ಜಾತಿ ಅಂತ ವಿಜ್ಞಾನಿಗಳು ತಿಳಕೊಂಡಿದ್ರು. ಪೂರ್ವದ ಕಣಿವ್ಯಾಗಿಂದು ಬ್ಯಾರೆ ಅಂತ ನಾ ತೋರಿಸೇನಿ. ಅಲ್ಲಿ ನಾಕು ಹೊಂಡ ಬಿಟ್ಟರ ಜಗತ್ತಿನಾಗ ಎಲ್ಲೂ ಇಲ್ಲ ಅದು.”

ರಘುವೀರ ಪೂರ್ವದ ಕಣಿವೆಯ ಫೋಟೋವನ್ನೂ ಉಳಿದ ಗುಡ್ಡದ ಫೋಟೋವನ್ನೂ ಹಿಂದೆ ಮುಂದೆ ಸರಿಸಿ ನೋಡಿದ. “ಎರಡೂ ಒಂದ ಥರಾ ಅವ. ಬ್ಯಾರೆ ಹೆಂಗಾತು?”

“ಬರೇ ಮಾರಿ ನೋಡಿದರ ತಿಳಿಯೂದಿಲ್ರಿ. ಡಿಎನ್‌ಎ ನೋಡಬೇಕು. ಮೂಲ ಬ್ಯಾರೆ.”

ಸೌಟು ಹಿಡಿದೇ ಯಮುನಾಬಾಯಿ ಹೊರಗೆ ಬಂದಳು. “ಮೂಲ ಅಂದರ, ಗೋತ್ರ ಇದ್ದಂಗೇನು?”

“ಹಂಗ ಅನ್ಕೋ ಅವ್ವಾ.”

“ಹಂಗಾದರ ನಿನಗ ತಿಳಿಯೂದಿಲ್ಲ ಬಿಡು ರಘೂ!” ಯಮುನಾಬಾಯಿಯ ದನಿ ಏರಿತು. “ಈಕಿಗೆ ಹಿರೇಕೆರೂರಿನ ವರ ಬಂದಾಗ ಏನಂದಿ? ಅವರೂ ಕುಲಕರ್ಣಿ, ನಾವೂ ಕುಲಕರ್ಣಿ, ಒಂದ ಮನೆತನ ಅಂತ ತಿರುಗಿ ಕಳಿಸಿದಿ. ಊರ ಲೆಕ್ಕ ಬರದು ಕುಲಕರ್ಣಿಕಿ ಮಾಡಿದವರಿಗೆಲ್ಲಾ ಅದ ಹೆಸರು. ಗೋತ್ರ ಕೇಳಿದ್ಯಾ? ಅವರದು ಕಾಶ್ಯಪ, ನಮ್ಮದು ವಸಿಷ್ಠ. ಬೆಳ್ಳಗಿದ್ದದ್ದೆಲ್ಲಾ ಹಾಲು ಅಂತ ತಿಳದಿ. ದೊಡ್ಡ ದೊಡ್ಡ ಪಂಡಿತರೂ ಈ ನ್ಯೂಟ್ ನೋಡಿ ಅದ ತಪ್ಪು ಮಾಡ್ಯಾರ. ನನ್ನ ಮಗಳು ಗುಡ್ಡ ಹತ್ತಿ ಹೋಗಿ ಗೋತ್ರ ಕೇಳ್ಯಾಳ!”

ವಿಭಾ ಬಾಯಿ ತೆರೆದು ಅವ್ವನನ್ನೇ ನೋಡಿದಳು. ರಘುವೀರ ಕನ್ನಡಕ ಹಾಕಿಕೊಂಡು, “ಆ ಕಣಿವಿದು ಯಾವುದು, ಇನ್ನೊಮ್ಮೆ ತೋರಿಸವಾ,” ಎಂದ.

ಯಮುನಾಬಾಯಿಯ ಎದೆ ಹಿಗ್ಗಿತ್ತು. ಒಳಗೆ ಹೋಗಿ ಮುಷ್ಟಿಯಲ್ಲಿ ಉಪ್ಪು, ಸಾಸಿವೆ ಹಿಡಿದು ಬಂದು ಮಗಳಿಗೆ ದೃಷ್ಟಿ ತೆಗೆದಳು. ಒಲೆಗೆ ಹಾಕಲು ಹೊರಟವಳು ಬಾಗಿಲಲ್ಲಿ ನಿಂತಳು. ತಿರುಗಿ ಬಂದು, ತಮ್ಮನ ಕೈಯಲ್ಲಿದ್ದ ಮೊಬೈಲಿನೊಳಗಿನ ನ್ಯೂಟಿಗೂ ನಿಧಾನವಾಗಿ ನಿವಾಳಿಸಿದಳು.