ಟ್ರಾಮಿನವರ ಜೊತೆ ಮಾತು ಬಿಟ್ಟ ಬೀದಿ

ಆ ಬೀದಿಯವರಿಗೆ ಒಂದು ಹಳೇ ಅಭ್ಯಾಸ. ಯಾರ ಮೇಲಾದರೂ ಸಿಟ್ಟು ಬಂದರೆ ಜಗಳ ಆಡುವುದಿಲ್ಲ, ಮಾತು ಬಿಡುತ್ತಾರೆ. ಹಾಲಿಗೆ ನೀರು ಬೆರೆಸಿದವನ ಜೊತೆ ಹೀಗೇ ಬೀದಿಗೆ ಬೀದಿಯೇ ಮಾತು ಬಿಟ್ಟಿತ್ತು. ವಾರ ಕಳೆಯುವುದರೊಳಗೆ ಅವನು ದಾರಿಗೆ ಬಂದ. ಹಾಗಾಗಿ ಟ್ರಾಮ್ ಆಫೀಸಿನ ಮೇಲೆ ಸಿಟ್ಟು ಬಂದಾಗಲೂ ಅವರು ಅದನ್ನೇ ಮಾಡಿದರು.

ಶುರು ಮಾಡಿದವಳು ಮಿಷನ್ ಅಕ್ಕ. ಹೊಲಿಗೆ ಮಿಷನ್ ರಿಪೇರಿ ಅವಳ ಕಸುಬು. ಮುಂದೆ ಅಂಗಡಿ, ಹಿಂದೆ ಮನೆ. ಕೈಯಲ್ಲಿ ಸದಾ ಎಣ್ಣೆ, ಮೂಗಿನ ತುದಿಯಲ್ಲಿ ಸದಾ ಕೋಪ. ನಕ್ಷೆ ಹಿಡಿದ ಇಬ್ಬರು ಬಂದು, "ಹೊಸ ಟ್ರಾಮ್ ಮಾರ್ಗ ಬರ್ತಿದೆ, ಸಭೆಗೆ ಬಂದು ಅಭಿಪ್ರಾಯ ಹೇಳಿ" ಎಂದಾಗ ಅವರ ಮುಖಕ್ಕೇ ಬಾಗಿಲು ಹಾಕಿದಳು. ಕಾರಣವೂ ಇತ್ತು. ಸಭೆ ಇಟ್ಟಿದ್ದು ಕೆಲಸದ ದಿನ, ಮಟಮಟ ಮಧ್ಯಾಹ್ನ, ಊರಿನ ಇನ್ನೊಂದು ಮೂಲೆಯಲ್ಲಿ. ದುಡಿದು ತಿನ್ನುವವರು ಬರಲೇಬಾರದೆಂದು ಇಟ್ಟ ಹಾಗಿತ್ತು. ಅವಳನ್ನು ನೋಡಿ ಅಕ್ಕಪಕ್ಕದವರೂ ಬಾಗಿಲು ಹಾಕಿದರು. ಬೀದಿಯಿಂದ ಒಂದು ನರಪಿಳ್ಳೆಯೂ ಸಭೆಗೆ ಹೋಗಲಿಲ್ಲ.

ಸಭೆ ಮುಗಿದ ಮೇಲೆ ಮಿಷನ್ ಅಕ್ಕನ ನಾದಿನಿ ಬಂದಳು. ಅವಳು ಬಸ್ ಕಂಡಕ್ಟರ್.

"ಅತ್ತಿಗೆ, ಟ್ರಾಮ್ ಎಲ್ಲಿ ನಿಲ್ಲುತ್ತೆ ಗೊತ್ತಾ? ಜನ ನಡೆದು ದಾಟೋ ಮೇಲ್ಸೇತುವೆ ಆಚೆ, ದೊಡ್ಡ ಮಾಲ್ ಎದುರು. ಹಳಿ ಹಾಕೋ ಕೆಲಸ ಶುರುವಾದ ಕೂಡಲೇ ನಿಮ್ಮ ಬೀದಿ ಮುಂದೆ ನಿಲ್ಲೋ ಬಸ್ಸನ್ನೂ ತೆಗೀತಾರಂತೆ."

ಮಿಷನ್ ಅಕ್ಕನ ಕೈಯಲ್ಲಿ ತಿರುಗುತ್ತಿದ್ದ ಸ್ಕ್ರೂಡ್ರೈವರ್ ನಿಂತಿತು. ಅವಳ ಗಂಡನಿಗೆ ಒಂದು ಕಾಲಿಲ್ಲ. ಊರುಗೋಲು ಹಿಡಿದು, ಆ ಬಸ್ಸು ಹತ್ತಿ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಕೆಲಸಕ್ಕೆ ಹೋಗುತ್ತಾನೆ. ಮೇಲ್ಸೇತುವೆಯ ಮೆಟ್ಟಿಲು ಅವನ ಕೈಲಾಗುವ ಮಾತಲ್ಲ. ಬಸ್ಸು ಹೋದರೆ ಕೆಲಸವೂ ಹೋದಂತೆ.

"ನಮ್ಮನ್ನ ಒಂದು ಮಾತು ಕೇಳಿದ್ರಾ ಅವರು?"

"ಕೇಳೋಕೆ ಬಂದ್ರು. ನೀವು ಬಾಗಿಲು ಹಾಕಿದ್ರಿ."

"ಸಿಟ್ಟಿಗೆ ಹಾಕಿದ್ದು ಕಣೇ ಅದು. ಅಷ್ಟೂ ಗೊತ್ತಾಗಲ್ವಾ?"

"ಎಲ್ಲಿಂದ ಗೊತ್ತಾಗುತ್ತೆ? ಈ ಬೀದಿಯವರದ್ದು ಆಕ್ಷೇಪಣೆ ಇಲ್ಲ ಅಂತ ಬರ್ಕೊಂಡು ಹೋದ್ರು. ನೀವು ಮಾತು ಬಿಟ್ರೆ ನಮ್ಮಣ್ಣನಿಗೆ ಊಟ ಸೇರಲ್ಲ. ಆಫೀಸಿಗೆ ಒಳ್ಳೇ ನಿದ್ದೆ ಬರುತ್ತೆ."

ಒಳಗಿನಿಂದ ಗಂಡ ನಕ್ಕ. ಅವಳಿಗೆ ನಗು ಬರಲಿಲ್ಲ. ಮೈಯೆಲ್ಲ ಉರಿಯಿತು, ಆಫೀಸಿನ ಮೇಲೆ ಎಷ್ಟೋ ತನ್ನ ಮೇಲೂ ಅಷ್ಟೇ.

"ಎಲ್ಲಾ ಮೊದಲೇ ತೀರ್ಮಾನ ಆಗಿರುತ್ತೆ. ಸಭೆ ಅನ್ನೋದು ಬರೀ ನಾಟಕ."

"ಎಷ್ಟೋ ಸಲ ನಾಟಕಾನೇ, ಇಲ್ಲ ಅನ್ನಲ್ಲ. ಆದ್ರೆ ಹಳಿ ಇನ್ನೂ ಹಾಕಿಲ್ಲ. ನಕ್ಷೆ ತಿದ್ದಬಹುದು, ಹಾಕಿದ ಹಳಿ ಯಾರೂ ಕೀಳಲ್ಲ. ಆಕ್ಷೇಪಣೆ ಹೇಳೋಕೆ ಈ ತಿಂಗಳ ಕೊನೆವರೆಗೂ ಅವಕಾಶ ಇದೆ. ಇನ್ನೊಂದು ಸಭೆ ಇಡಿ, ಸಂಜೆ ಹೊತ್ತು ಇಡಿ, ನಮ್ಮ ಬೀದಿಗೇ ಬನ್ನಿ ಅಂತ ಕೇಳಿ. ಒಬ್ಬರೇ ಹೋಗ್ಬೇಡಿ, ಎಲ್ಲರೂ ಹೋಗಿ."

ಮಿಷನ್ ಅಕ್ಕ ಮನೆಮನೆಯ ಬಾಗಿಲು ತಟ್ಟಿದಳು. ಮೊದಲ ಸಲ ಇಬ್ಬರು ಮೂವರು ಹೋದಾಗ ಆಫೀಸಿನವರು ಸಾಹೇಬರು ಇಲ್ಲ ಎಂದು ಸಾಗಹಾಕಿದರು. ಎರಡನೇ ಸಲ ಬೀದಿಯೇ ಹೋಗಿ ನಿಂತಿತು. ಸಾಹೇಬರು ಸಿಕ್ಕರು.

ಸಭೆ ಅವಳ ಅಂಗಡಿ ಮುಂದೆಯೇ ನಡೆಯಿತು. ಹೊಲಿಗೆ ಮಿಷನ್ನಿನ ಮೇಲೆ ನಕ್ಷೆ ಹರಡಿದ್ದ ಮಹಿಳಾ ಇಂಜಿನಿಯರ್, "ಹೋದ ಸಲ ನೀವ್ಯಾರೂ ಬರಲಿಲ್ಲ" ಎಂದರು.

"ನೀವು ಸಂಬಳ ತಗೊಂಡು ಸಭೆಗೆ ಬರ್ತೀರಿ, ನಾವು ಸಂಬಳ ಬಿಟ್ಟು ಬರ್ಬೇಕು" ಎಂದಳು ಮಿಷನ್ ಅಕ್ಕ. "ಈಗ ಕೇಳಿ. ಇವರು ನನ್ನ ಯಜಮಾನ್ರು. ನೀವು ಟ್ರಾಮನ್ನ ಮೇಲ್ಸೇತುವೆ ಆಚೆ ನಿಲ್ಲಿಸಿದ್ರೆ ಇವರು ಕೆಲಸ ಬಿಡಬೇಕು. ಬಿಡಿ ಅಂತ ಇವರ ಮುಖ ನೋಡಿ ನೀವೇ ಹೇಳಿ."

ಇಂಜಿನಿಯರ್ ನಕ್ಷೆಯನ್ನು ನೋಡಿದರು, ಊರುಗೋಲನ್ನು ನೋಡಿದರು.

"ಯಾವ ಮನೇಲಿ ಯಾರಿದ್ದಾರೆ ಅಂತ ನಕ್ಷೇಲಿ ಕಾಣಲ್ಲಮ್ಮ. ನೀವು ಹೇಳಿದ್ರೇನೇ ನಮಗೆ ಗೊತ್ತಾಗೋದು."

"ಹೇಳಿದೀನಿ. ಇನ್ನು ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ."

ಆಮೇಲೆ ಒಬ್ಬೊಬ್ಬರಿಗೂ ಬಾಯಿ ಬಂತು. ಕೂಸಿನ ಗಾಡಿ ತಳ್ಳುವ ತಾಯಿ ಮಾತಾಡಿದಳು, ಕಣ್ಣು ಮಂಜಾದ ಅಜ್ಜ ಮಾತಾಡಿದ.

ಕೇಳಿದ್ದೆಲ್ಲ ಸಿಗಲಿಲ್ಲ. ಬೀದಿ ಮುಂದೆ ರಸ್ತೆ ತಿರುಗುವುದರಿಂದ ಅಲ್ಲಿ ಟ್ರಾಮ್ ನಿಲ್ಲಿಸಲಾಗದು ಎಂದರು. ಆದರೆ ನಕ್ಷೆಯಲ್ಲಿ ನಿಲ್ದಾಣ ಮೇಲ್ಸೇತುವೆಯ ಈಚೆಗೆ ಬಂತು, ಮೆಟ್ಟಿಲಿಲ್ಲದ ಇಳಿಜಾರು ದಾರಿಯೂ ಸೇರಿತು. ಟ್ರಾಮ್ ಓಡುವವರೆಗೆ ಬಸ್ಸು ತೆಗೆಯುವುದಿಲ್ಲವೆಂದು ಎಲ್ಲರೆದುರು ಒಪ್ಪಿಕೊಂಡರು. ಮಿಷನ್ ಅಕ್ಕನ ಸಿಟ್ಟು ಇಳಿದಿಲ್ಲ. ಕೂರಲು ಬೆಂಚು ಎಲ್ಲಿ ಎಂದು ಮುಂದಿನ ಸಭೆಯಲ್ಲಿ ಕೇಳುವವಳಿದ್ದಾಳೆ.

"ಇನ್ಮೇಲೆ ಯಾರ ಜೊತೆಗೂ ಮಾತು ಬಿಡಲ್ಲ" ಎಂದಳು ಗಂಡನಿಗೆ.

"ನನ್ನ ಜೊತೆಗೂ? ಅದೊಂದು ನೆಮ್ಮದಿ ಇತ್ತಲ್ಲೇ" ಎಂದು ಅವನು ಊರುಗೋಲು ತೆಗೆದುಕೊಂಡು ಕೆಲಸಕ್ಕೆ ಹೊರಟ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಊರಿನಲ್ಲೂ ಯಾರೋ ಈಗ ನಕ್ಷೆ ಬರೆಯುತ್ತಿರಬಹುದು. ಸಭೆ ಯಾವಾಗ, ಎಲ್ಲಿ, ಆಕ್ಷೇಪಣೆಗೆ ಕೊನೆಯ ದಿನ ಯಾವುದು ಎಂದು ಇವತ್ತೇ ಕೇಳಿ. ಹೊತ್ತು ಸರಿಯಿಲ್ಲದಿದ್ದರೆ ಬದಲಾಯಿಸಿ ಎನ್ನಿ. ಸಿಟ್ಟು ಬಂದಿದೆಯೇ? ಬರಲಿ, ಅದನ್ನು ಬಾಗಿಲ ಹಿಂದೆ ಬಚ್ಚಿಡಬೇಡಿ. ಸಭೆಗೆ ಹೊತ್ತುಕೊಂಡು ಹೋಗಿ. ನೀವು ಸುಮ್ಮನಿದ್ದರೆ ಅವರು ಒಪ್ಪಿಗೆ ಎಂದೇ ಬರೆದುಕೊಳ್ಳುತ್ತಾರೆ.